ಮುದ್ರೆ ಒತ್ತಿದ ಊಟ

ತಕ್ಕಡಿ ರಿಪೇರಿಯವನು ತನ್ನ ಮನೆಯ ತೂಕದ ಯಂತ್ರವನ್ನು ಮತ್ತೆ ಬಿಚ್ಚಿ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ. ಸ್ಪ್ರಿಂಗು ಸರಿಯಾಗಿಯೇ ಇತ್ತು. ಜೋಡಿಸಿ ನೆಲದ ಮೇಲಿಟ್ಟು, ಅಂಗಡಿಯಿಂದ ತಂದ ಹಿತ್ತಾಳೆಯ ತೂಕದ ಬಟ್ಟುಗಳನ್ನು ಒಂದೊಂದಾಗಿ ಅದರ ಮೇಲೆ ಪೇರಿಸಿದ. ಮುಳ್ಳು ಕೂದಲೆಳೆಯಷ್ಟೂ ತಪ್ಪಲಿಲ್ಲ. ಬಟ್ಟುಗಳನ್ನು ಇಳಿಸಿ ತಾನೇ ಹತ್ತಿ ನಿಂತ. ಒಂದು ತಿಂಗಳಿಂದ ಎಲ್ಲಿ ನಿಂತಿತ್ತೋ, ಮುಳ್ಳು ಅವತ್ತೂ ಅಲ್ಲೇ ಹೋಗಿ ನಿಂತಿತು.

“ಆ ಮಷೀನಿಗೆ ಬಾಯಿದ್ದಿದ್ರೆ ನಿನ್ನ ಮೇಲೆ ಕೇಸು ಹಾಕ್ತಿತ್ತು ಕಣೋ,” ಎಂದಳು ಸೋಫಾದ ಮೇಲೆ ಮಲಗಿದ್ದ ಅಕ್ಕ.

“ಮಷೀನಿಂದೇನೂ ತಪ್ಪಿಲ್ಲ ಅಕ್ಕ.”

“ಮತ್ತೆ ಯಾರದ್ದು?”

ಅವನು ಬಟ್ಟುಗಳನ್ನು ಚೀಲಕ್ಕೆ ತುಂಬತೊಡಗಿದ. ಅಕ್ಕನ ಎರಡೂ ಕಿಡ್ನಿಗಳು ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಿ, ಹಿಂಡಿದ ಬಟ್ಟೆಯಂತಾಗಿ ಬಂದು ಮಲಗುತ್ತಿದ್ದಳು. ತಮ್ಮನ ಕಿಡ್ನಿ ಅವಳಿಗೆ ಹೊಂದುತ್ತದೆ ಎಂದು ಗೊತ್ತಾದ ದಿನ ಮನೆಯೇ ಕುಣಿದಿತ್ತು. ಆದರೆ ಸರ್ಜನ್ ಅವನ ಹೊಟ್ಟೆ ನೋಡಿ, “ಇಷ್ಟು ತೂಕದವರಿಗೆ ನಾನು ಚಾಕು ಮುಟ್ಟಿಸೋದಿಲ್ಲ. ಇಳಿಸ್ಕೊಂಡು ಬನ್ನಿ” ಎಂದಿದ್ದರು. ಮೊದಮೊದಲು ತೂಕ ಸರಸರನೆ ಇಳಿಯಿತು. ಇನ್ನು ನಾಲ್ಕೇ ಕಿಲೋ ಎನ್ನುವಾಗ ನಿಂತುಬಿಟ್ಟಿತು. ಅವನು ಕದ್ದು ತಿನ್ನುತ್ತಿದ್ದಾನೆಯೇ ಎಂದು ಅಕ್ಕ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿಯಾದರೂ ಅವನು ಹಗುರಾಗುತ್ತಿದ್ದ.

“ನಾಳೆ ಆ ಡಯಟ್ ಮೇಡಂ ಹತ್ರ ಹೋಗೋಣ. ನಾನೂ ಬರ್ತೀನಿ,” ಎಂದಳು.

“ಹೋಗಿ ಏನು ಹೇಳ್ಲಿ? ಅವ್ರು ಕೊಟ್ಟ ಲೆಕ್ಕದಲ್ಲಿ ಒಂದು ಗ್ರಾಂ ಆಚೀಚೆ ಮಾಡಿಲ್ಲ ನಾನು.”

“ಅದನ್ನೇ ಹೇಳು. ಬೈಸ್ಕೊಳ್ಳೋದಾದ್ರೆ ಇಬ್ರೂ ಸೇರಿ ಬೈಸ್ಕೊಳ್ಳೋಣ.”

ಆಸ್ಪತ್ರೆಯ ಆಹಾರ ತಜ್ಞೆ ಅವನಿಗಿಂತ ಚಿಕ್ಕ ವಯಸ್ಸಿನವರು. ತಟ್ಟೆಗೆ ಬೀಳುವ ಪ್ರತಿಯೊಂದನ್ನೂ ಅವನು ಅಂಗಡಿಯ ಚಿನ್ನದ ತಕ್ಕಡಿಯಲ್ಲಿ ತೂಗುತ್ತಾನೆಂದು ಕೇಳಿ ಅವರ ಪೆನ್ನು ನಿಂತಿತು.

“ಚಿನ್ನ ತೂಗೋ ತಕ್ಕಡೀಲಿ ಬೇಯಿಸಿದ ಸೊಪ್ಪು ತೂಗ್ತೀರಾ?”

“ಅದಕ್ಕಿಂತ ನಂಬಿಕಸ್ಥ ತಕ್ಕಡಿ ನನ್ನ ಹತ್ರ ಇಲ್ಲ ಮೇಡಂ.”

“ತೂಗೋದು ಸರಿ. ಯಾವ ಲೆಕ್ಕದ ಪ್ರಕಾರ ತೂಗ್ತಿದ್ದೀರಿ?”

“ಮೊದಲ ದಿನ ನೀವೇ ಹಾಕಿಕೊಟ್ರಲ್ಲ, ದಿನಕ್ಕೆ ಇಷ್ಟು ಕ್ಯಾಲೊರಿ ಅಂತ. ಅದೇ.”

“ತಿಂಗಳಿಗೊಂದ್ಸಲ ಬನ್ನಿ, ಲೆಕ್ಕ ಬದಲಾಯಿಸೋಣ ಅಂದಿದ್ನಲ್ಲ?”

ಅವನು ಸಂಕೋಚದಿಂದ ಕುರ್ಚಿಯಲ್ಲಿ ಸರಿದು ಕೂತ. “ಒಂದ್ಸಲ ಸರಿಮಾಡಿ ಮುದ್ರೆ ಒತ್ತಿದ್ಮೇಲೆ ವರ್ಷ ತುಂಬೋವರೆಗೂ ಮುಟ್ಟೋ ಹಾಗಿಲ್ವಲ್ಲ ಮೇಡಂ. ಮುಟ್ಟಿದ್ರೆ ದಂಡ.”

ಅಕ್ಕ ಹಣೆ ಹಣೆ ಚಚ್ಚಿಕೊಂಡಳು. “ಅದು ಅಂಗಡಿ ತಕ್ಕಡಿಗೆ ಕಣೋ! ನೋಡಿ ಮೇಡಂ, ಇವನು ಊಟಕ್ಕೂ ಸರ್ಕಾರಿ ಮುದ್ರೆ ಒತ್ತಿಬಿಟ್ಟಿದ್ದಾನೆ.”

ತಜ್ಞೆ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಅಕ್ಕನಿಗೆ ಕೆಮ್ಮು ಬರುವಷ್ಟು ನಗು. ಅವನು ಒಬ್ಬನೇ ಗಂಭೀರವಾಗಿ ಕೂತಿದ್ದ.

“ನೋಡಿ,” ಎಂದರು ತಜ್ಞೆ ಕಣ್ಣೊರೆಸಿಕೊಳ್ಳುತ್ತ, “ತಕ್ಕಡಿ ಎಷ್ಟು ತೂಗಿದ್ರೂ ತೆಳ್ಳಗಾಗಲ್ಲ. ನೀವು ಆಗಿದ್ದೀರಿ. ಆಗಿನ ದೊಡ್ಡ ಮೈಗೆ ಬೇಕಾದಷ್ಟು ಈಗಿನ ಮೈಗೆ ಬೇಡ. ಅವತ್ತು ನಿಮ್ಮನ್ನ ಇಳಿಸ್ತಿದ್ದ ಊಟವೇ ಇವತ್ತು ನಿಮ್ಮನ್ನ ಇದ್ದಲ್ಲೇ ಇಟ್ಟಿದೆ. ಎದ್ದು ಹೋದವನಿಗೆ ಇನ್ನೂ ಬಡಿಸ್ತಾ ಕೂತಿದ್ದೀರಿ ನೀವು.”

“ಹಾಗಾದ್ರೆ ನಾಳೆಯಿಂದ ಅರ್ಧಕ್ಕರ್ಧ ಬಿಡ್ತೀನಿ.”

“ಅಯ್ಯೋ ಬೇಡಪ್ಪಾ! ಸೊರಗಿ ಹೋದ್ರೆ ಸರ್ಜನ್ ಬಾಗಿಲಿಂದಲೇ ವಾಪಸ್ ಕಳಿಸ್ತಾರೆ. ರಾತ್ರಿ ಊಟದಲ್ಲಿ ಒಂದು ಸೌಟು ಅನ್ನ ಬಿಡಿ, ಸಂಜೆ ಇನ್ನೊಂಚೂರು ದೂರ ನಡೀರಿ. ಮತ್ತೆ ನಿಂತ್ರೆ ಮತ್ತೆ ಲೆಕ್ಕ ಹಾಕೋಣ.”

“ಒಂದೇ ಸೌಟಾ?” ಎಂದ ಅವನು. ಇಡೀ ತಿಂಗಳ ಆ ಮೌನ, ಅಕ್ಕ ಕೇಳದೆ ಉಳಿಸಿದ ಆ ಪ್ರಶ್ನೆ, ಎಲ್ಲದರ ಹಿಂದೆ ಇದ್ದದ್ದು ಒಂದು ಸೌಟು. ಆಮೇಲೆ ಅವನೂ ನಕ್ಕ. ತಡವಾಗಿ ಶುರುವಾದ ನಗು ಬಾಗಿಲು ದಾಟಿದರೂ ನಿಲ್ಲಲಿಲ್ಲ.

ಆ ಸೌಟು ಬಿಟ್ಟ. ಸಂಜೆಯಾದರೆ ಅಕ್ಕ ಗೇಟಿನವರೆಗೆ ಬಂದು ಅವನನ್ನು ನಡೆಯಲು ಅಟ್ಟುತ್ತಿದ್ದಳು. ಹದಿನೈದು ದಿನಕ್ಕೆ ಮುಳ್ಳು ಅಲ್ಲಾಡಿತು. ನಡುವೆ ಒಮ್ಮೆ ನಿಂತಾಗ ಅವನು ಯಂತ್ರ ಬಿಚ್ಚಲಿಲ್ಲ, ಆಸ್ಪತ್ರೆಗೆ ಹೋದ. ಕೊನೆಗೊಂದು ದಿನ ಸರ್ಜನ್ ಅವನ ಹೊಟ್ಟೆಯನ್ನು ಬೆರಳಿನಿಂದ ತಟ್ಟಿ, ಅಕ್ಕನ ಕಡೆ ತಿರುಗಿ, ಆಪರೇಷನ್ನಿನ ತಾರೀಖು ಹೇಳಿದರು.

ಅಕ್ಕ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಅವಳಿಗೆ ದಿನಕ್ಕೆ ಎರಡು ಸಣ್ಣ ಲೋಟಕ್ಕಿಂತ ಹೆಚ್ಚು ನೀರು ಕುಡಿಯುವ ಹಾಗಿರಲಿಲ್ಲ. ಕುಡಿದದ್ದು ಹೊರಗೆ ಹೋಗದೆ ಮೈಯಲ್ಲೇ ನಿಲ್ಲುತ್ತಿತ್ತು.

“ಡಾಕ್ಟ್ರೇ, ಆಪರೇಷನ್ ಆದ್ಮೇಲೆ ನೀರು ಎಷ್ಟು ಕುಡೀಬಹುದು?”

“ಕುಡೀರಿ, ಕುಡೀರಿ ಅಂತ ನರ್ಸುಗಳೇ ನಿಮ್ಮ ಪ್ರಾಣ ತಿಂತಾರೆ,” ಎಂದರು ಸರ್ಜನ್.

ಹೊರಗೆ ಕಾರಿಡಾರಿನಲ್ಲಿ ಅವಳು ಕುಡಿಯುವ ನೀರಿನ ನಲ್ಲಿಯ ಮುಂದೆ ನಿಂತಳು. ದೊಡ್ಡ ಲೋಟವೊಂದನ್ನು ಹಿಡಿದು, ನೀರು ತುಂಬಿ ಬೆರಳುಗಳ ಮೇಲೆ ಹರಿಯುವವರೆಗೂ ನಲ್ಲಿ ನಿಲ್ಲಿಸಲಿಲ್ಲ. ಆಮೇಲೆ ಅದನ್ನು ಎರಡೂ ಕೈಯಿಂದ ತಮ್ಮನ ಮುಂದೆ ಹಿಡಿದಳು.

“ಕುಡಿಯೋ. ಒಂದೇ ಉಸಿರಿಗೆ ಕುಡಿ. ನಾನು ನೋಡ್ಬೇಕು.”

ಅವನು ಕುಡಿದ. ಅವನ ಗಂಟಲು ಏರಿಳಿದ ಹಾಗೆಲ್ಲ ಅವಳದೂ ಏರಿಳಿಯುತ್ತಿತ್ತು.