ಅಜ್ಜಿಯ ಭಾರ

ಹೇಲಾಲ ಗಾಲಿಕುರ್ಚಿ ಸಮೇತ ಧಡಾರನೆ ಮಗುಚಿಕೊಂಡಳು. ಅವಳ ಕೈತಪ್ಪಿದ ಚೆಂಡು ಇನ್ನೂ ಗೋಡೆ ಮುಟ್ಟಿರಲಿಲ್ಲ, ಅಷ್ಟರಲ್ಲಿ ಅಜ್ಜಿ ಲೆಪೇಕಾ ಬೆಂಚಿನಿಂದೆದ್ದು ಬ್ಯಾಸ್ಕೆಟ್‌ಬಾಲ್ ಅಂಕಣದೊಳಕ್ಕೆ ನುಗ್ಗಿ, ಮೊಮ್ಮಗಳನ್ನೂ ಅವಳ ಸೊಂಟಕ್ಕೆ ಬಿಗಿದಿದ್ದ ಕುರ್ಚಿಯನ್ನೂ ಒಟ್ಟಿಗೆ ಎತ್ತಿ ನಿಲ್ಲಿಸಿಬಿಟ್ಟರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಬಟ್ಟೆಯ ಮೂಟೆ ಹೊತ್ತು ಪಳಗಿದ ತೋಳುಗಳು. ಆಡುತ್ತಿದ್ದ ಹುಡುಗಿಯರೆಲ್ಲ ಗಾಲಿ ಹಿಡಿದು ನಿಂತರು. ಒಬ್ಬಳು ಚಪ್ಪಾಳೆ ತಟ್ಟಿದಳು.

"ಅಜ್ಜೀ! ನಾನೇ ಏಳ್ತಿದ್ದೆ!"

"ಏಳ್ತಿದ್ದೆ, ಏಳ್ತಿದ್ದೆ. ಮೊಣಕೈ ನೋಡ್ಕೋ, ಹೇಗೆ ಕೆಂಪಾಗಿದೆ."

ಕೋಚ್ ಗ್ಲೆನಿಸ್ ತಮ್ಮ ಗಾಲಿಕುರ್ಚಿಯನ್ನು ಉರುಳಿಸಿಕೊಂಡು ಬಂದರು. ಬಾಯಿಂದ ಬಿಟ್ಟ ಸೀಟಿ ಎದೆಯ ಮೇಲೆ ಜೋತಾಡುತ್ತಿತ್ತು. "ಲೆಪೇಕಾ, ಶನಿವಾರ ಫೈನಲ್‌ನಲ್ಲೂ ಹೀಗೇ ಓಡಿ ಬರ್ತೀರಾ?"

"ಇವಳು ಬಿದ್ರೆ ಬರ್ತೀನಿ ಕೋಚಮ್ಮ. ಮೊಮ್ಮಗಳಲ್ವಾ?"

"ನೀವು ಬಂದ್ರೆ ರೆಫರಿ ಆಟ ನಿಲ್ಲಿಸ್ತಾರೆ. ಇವಳನ್ನ ಹೊರಗೆ ಕೂರಿಸಬೇಕಾಗುತ್ತೆ. ಈ ತಂಡದಲ್ಲಿ ಬಿದ್ದು ತಾನಾಗಿ ಏಳೋಕೆ ಬರದವಳು ಇವಳೊಬ್ಬಳೇ. ಕೈಯಲ್ಲಿ ಬಲ ಇಲ್ಲ ಅಂತಲ್ಲ. ನೀವು ಏಳೋಕೆ ಬಿಟ್ಟಿದ್ರೆ ತಾನೆ?" ಗ್ಲೆನಿಸ್ ಹೇಲಾಲಳ ಕಡೆ ನೋಡಿ, "ಹೀಗಾದ್ರೆ ನಾನು ಇವಳನ್ನ ಆಡಿಸೋದು ಕಷ್ಟ" ಎಂದರು.

ಹೇಲಾಲ ತಲೆ ತಗ್ಗಿಸಿ ಗಾಲಿಯ ಕಡ್ಡಿಗಳನ್ನು ಸವರುತ್ತ ಕುಳಿತಳು. ಅವಳಿಗೆ ಹುಟ್ಟಿನಿಂದಲೇ ಕಾಲುಗಳಲ್ಲಿ ಬಲವಿರಲಿಲ್ಲ. ಅವರಿದ್ದ ಮೌಂಟ್ ಡ್ರೂಯಿಟ್ ಬಡಾವಣೆಯ ಬೀದಿಗಳಲ್ಲಿ ಲೆಪೇಕಾ ಅವಳನ್ನು ಬೆನ್ನ ಮೇಲೆ ಹೊತ್ತು ಸ್ಕೂಲ್ ಬಸ್ಸು ಹತ್ತಿಸುತ್ತಿದ್ದುದನ್ನು ನೋಡದವರಿಲ್ಲ. ಆ ಅಜ್ಜಿಯ ಮುಖ ಈಗ ಸಪ್ಪಗಾಯಿತು. "ನಾನೇನು ಬೇಕು ಅಂತ ಓಡ್ತೀನಾ? ಕಾಲು ತಾನಾಗೇ ಓಡುತ್ತೆ. ಏನಾದ್ರೂ ಸಹಾಯ ಮಾಡೋಣ ಅಂತ..."

"ಸಹಾಯ ಮಾಡ್ಲೇಬೇಕಾ? ಹಾಗಾದ್ರೆ ಬನ್ನಿ."

ಗ್ಲೆನಿಸ್ ಇಬ್ಬರನ್ನೂ ಪಕ್ಕದ ವ್ಯಾಯಾಮದ ಕೋಣೆಗೆ ಕರೆದೊಯ್ದರು. ಅಲ್ಲಿ ನೆಲಕ್ಕೆ ಹಾಸಿದ್ದ ಹಸಿರು ಹಾಸಿನ ಮೇಲೆ ಚಕ್ರವಿಲ್ಲದ ಕಬ್ಬಿಣದ ಗಾಡಿಯೊಂದಿತ್ತು. ಅದರ ಮುಂದುಗಡೆ ಎರಡು ಗೂಟ. ಹುಡುಗಿಯರು ಅದರ ಮೇಲೆ ತೂಕದ ಬಿಲ್ಲೆ ಪೇರಿಸಿ, ಹಗ್ಗದಿಂದ ಕುರ್ಚಿಗೆ ಕಟ್ಟಿಕೊಂಡು ಎಳೆದು ತೋಳು ಗಟ್ಟಿ ಮಾಡಿಕೊಳ್ಳುತ್ತಿದ್ದರು. ಗ್ಲೆನಿಸ್ ಬಿಲ್ಲೆಗಳನ್ನೆಲ್ಲ ತೆಗೆಸಿದರು.

"ಹತ್ತಿ ಕೂತ್ಕೊಳ್ಳಿ, ಲೆಪೇಕಾ."

"ನಾನಾ?"

"ಈ ಕೋಣೇಲಿ ನಿಮಗಿಂತ ಒಳ್ಳೇ ಭಾರ ಇಲ್ಲ."

ಲೆಪೇಕಾ ಹುಬ್ಬು ಗಂಟಿಕ್ಕಿ ನೋಡಿದರು. ಆಮೇಲೆ ನಗು ತಡೆಯಲಾರದೆ ಹೊಟ್ಟೆ ಕುಣಿಯುವಂತೆ ನಕ್ಕರು. "ಬೆಳಗ್ಗೆ ತಿಂದ ಕೆಸುವಿನ ಗೆಡ್ಡೇನೂ ಲೆಕ್ಕಕ್ಕೆ ಹಿಡಿದ್ರಾ ಕೋಚಮ್ಮ?" ಎನ್ನುತ್ತ ಲಂಗ ಒಟ್ಟುಮಾಡಿಕೊಂಡು, ಮಂಡಿ ಹಿಡಿದು, ಉಸ್ಸಪ್ಪಾ ಎಂದು ಗಾಡಿಯ ಮೇಲೆ ಕುಳಿತರು.

ಹೇಲಾಲ ಗಾಡಿಯ ಹಗ್ಗವನ್ನು ಕುರ್ಚಿಗೆ ಕಟ್ಟಿಕೊಂಡು ಗಾಲಿಗಳನ್ನು ತಳ್ಳಿದಳು. ಹಗ್ಗ ಬಿಗಿಯಾಯಿತು, ಗಾಡಿ ಅಲುಗಲಿಲ್ಲ.

"ಎಳಿಯೇ! ಊಟಕ್ಕೇನಾದ್ರೂ ಕಮ್ಮಿ ಮಾಡಿದೀನಾ ನಿಂಗೆ?"

"ನೀನು ಕಮ್ಮಿ ತಿನ್ನಬೇಕಿತ್ತು ಅಜ್ಜಿ!"

ಬಾಗಿಲಲ್ಲಿ ಇಣುಕುತ್ತಿದ್ದ ಹುಡುಗಿಯರು ಗೊಳ್ಳೆಂದರು. ಲೆಪೇಕಾ ಚರ್ಚಿನಲ್ಲಿ ಹಾಡುವ, ತಮ್ಮ ಟೋಂಗಾ ದ್ವೀಪದ ಹಾಡೊಂದನ್ನು ಎತ್ತಿಕೊಂಡರು. ತಾಳಕ್ಕೆ ಸರಿಯಾಗಿ ಹೇಲಾಲ ಮುಂದಕ್ಕೆ ಬಾಗಿ ತಳ್ಳಿದಳು. ಗಾಡಿ ಕೊಂಚ ಜಾರಿತು. ಮತ್ತೆ ತಳ್ಳಿದಳು, ಇನ್ನಷ್ಟು ಜಾರಿತು. ಲೆಪೇಕಾ ತೇರೇರಿದ ರಾಣಿಯಂತೆ ಎಲ್ಲರ ಕಡೆಗೂ ಕೈಬೀಸಿದರು. ಹುರುಪೇರಿದ ಹೇಲಾಲ ಇದ್ದ ಬಲವನ್ನೆಲ್ಲ ಹಾಕಿ ನೂಕಿದಾಗ ಕುರ್ಚಿಯ ಒಂದು ಗಾಲಿ ಹಾಸಿನ ಅಂಚಿಗೆ ಸಿಕ್ಕಿ, ಅವಳು ಪಕ್ಕಕ್ಕೆ ಉರುಳಿಬಿದ್ದಳು.

ಹಾಡು ನಿಂತಿತು. ಲೆಪೇಕಾ ಅರ್ಧ ಎದ್ದಿದ್ದರು.

"ನೀವು ಭಾರ, ಲೆಪೇಕಾ," ಗ್ಲೆನಿಸ್ ದನಿ ಏರಿಸದೆ ಹೇಳಿದರು. "ಭಾರ ಎದ್ದು ಓಡಾಡಲ್ಲ."

ಲೆಪೇಕಾ ಕುಸಿದು ಕುಳಿತರು. ಎರಡೂ ಕೈ ಎದುರಿನ ಗೂಟಗಳನ್ನು ಹಿಡಿದುಕೊಂಡವು.

ಹೇಲಾಲ ಒಂದು ಅಂಗೈಯನ್ನು ನೆಲಕ್ಕೆ ಊರಿ, ಇನ್ನೊಂದರಲ್ಲಿ ಮೇಲಿನ ಗಾಲಿಯನ್ನು ಹಿಡಿದು ಒತ್ತಿದಳು. ಭುಜ ಗಡಗಡ ನಡುಗಿತು. ಕುರ್ಚಿ ಮೇಲೆದ್ದಂತೆ ಮಾಡಿ ಮತ್ತೆ ಬಿತ್ತು. ನೆಲಕ್ಕೆ ಕೆನ್ನೆ ಹಚ್ಚಿಕೊಂಡೇ ಅವಳು ಅಜ್ಜಿಯ ಕಡೆ ನೋಡಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದರು, ತುಟಿ ಮಾತ್ರ ಆಡುತ್ತಿತ್ತು. ಆ ಕಡೆಯಿಂದ ಯಾರೂ ಬರುವುದಿಲ್ಲವೆಂದು ಖಾತ್ರಿಯಾಯಿತೇನೋ, ಹೇಲಾಲ ಹಲ್ಲು ಕಚ್ಚಿ, ಮೈಯನ್ನು ಒಮ್ಮೆ ಹಿಂದಕ್ಕೆ ತೂಗಿ, ನೆಲವನ್ನೇ ದೂರ ನೂಕುವವಳಂತೆ ನೂಕಿದಳು. ಗಾಲಿಗಳೆರಡೂ ದಡ್ಡೆಂದು ನೆಲಕ್ಕೂರಿದವು.

ಹುಡುಗಿಯರ ಕೇಕೆಗೆ ಕಿಟಕಿ ಗಾಜು ಅದುರಿತು. ಗ್ಲೆನಿಸ್ ಸೀಟಿ ಊದಿಯೇ ಊದಿದರು. ಹೇಲಾಲ ಹಗ್ಗ ಬಿಚ್ಚಿಕೊಂಡು ಕುರ್ಚಿ ತಿರುಗಿಸಿ ಬಂದಳು. ಲೆಪೇಕಾ ಮಾತ್ರ ಕೂತಲ್ಲೇ ಕೂತಿದ್ದರು.

"ಅಜ್ಜೀ, ಎದ್ದೆ ನೋಡು! ಇನ್ನು ಬಿಡು ಅದನ್ನ."

"ಬಿಡೋಕೆ ಬರ್ತಿಲ್ಲ ಕಣೇ."

ಬೆರಳುಗಳು ಕಬ್ಬಿಣಕ್ಕೆ ಬೆಸೆದಂತೆ ಮರಗಟ್ಟಿದ್ದವು. ಹೇಲಾಲ ಕುರ್ಚಿಯಿಂದ ಬಾಗಿ, ಅವನ್ನು ಒಂದೊಂದಾಗಿ ಬಿಡಿಸಿ, ಉಜ್ಜಿ ಉಜ್ಜಿ ಬಿಸಿ ಮಾಡಿದಳು.

"ಶನಿವಾರ ಇವಳು ಆಡ್ತಾಳೆ," ಎಂದರು ಗ್ಲೆನಿಸ್.

"ಆಡ್ಲಿ," ಎಂದು ಲೆಪೇಕಾ ಲಂಗದ ಅಂಚಿನಿಂದ ಕಣ್ಣೊರೆಸಿಕೊಂಡರು. "ಆದ್ರೆ ಈ ಗಾಡೀನೂ ವ್ಯಾನಿಗೆ ಹಾಕ್ಸಿ ಕೋಚಮ್ಮ. ನನಗೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ."