ಮಾವ ಅಂದರೆ ಯಾರು?

“ಮಾಸ್ತರ, ಈ ಮಾವ ಅಂದರ ಯಾರು? ಖರೇ ಹೇಳ್ರಿ.”

ಪೊಲೀಸ್ ಚೌಕಿಯಲ್ಲಿ ಫೌಜದಾರ ಶಾಂತಯ್ಯ ಮಾಸಪತ್ರಿಕೆಯನ್ನು ಮೇಜಿನ ಮೇಲೆ ಒಗೆದು ಕೇಳಿದ. ೧೯೪೨ರ ಸೆಪ್ಟೆಂಬರ್. ಧಾರವಾಡದಲ್ಲಿ ‘ಚಲೇಜಾವ್’ ಘೋಷಣೆ ಕೂಗಿದವರೆಲ್ಲ ಆಗಲೇ ಜೈಲಿನೊಳಗಿದ್ದರು. ಈಗ ನಗಿಸಿದವರ ಪಾಳಿ. ಎದುರು ನಿಂತಿದ್ದ ಶಿದ್ದಪ್ಪ ಮಾಸ್ತರರ ಅಪರಾಧ ಒಂದು ಹಾಸ್ಯಕಥೆ. ಹಲ್ಲು ಕೀಳಿಸಿಕೊಳ್ಳಲೆಂದು ಅಳಿಯನ ಮನೆಗೆ ಬಂದ ಮಾವನೊಬ್ಬ, ಹಲ್ಲು ಹೋದರೂ ತಾನು ಹೋಗುವುದಿಲ್ಲ. ಉಗ್ರಾಣದ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯವರಿಗೇ ಸಕ್ಕರೆ ಅಳೆದು ಕೊಡುತ್ತಾನೆ. ‘ನಾ ಹೋದರ ನೀವು ಗಂಡಾ ಹೆಂಡತಿ ಬಡದಾಡಿ ಸಾಯ್ತೀರಿ’ ಎಂದು ದಿನಾ ಕಳವಳಪಡುತ್ತಾನೆ. ಹುಬ್ಬಳ್ಳಿಯ ಚಹಾದಂಗಡಿಗಳಲ್ಲಿ ಜನ ಇದನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರು. ಸರಕಾರವೂ ಇಂಗ್ಲಿಷಿಗೆ ಅನುವಾದ ಮಾಡಿಸಿ ಓದಿತ್ತು. ಅನುವಾದದಲ್ಲಿ ನಗೆ ದಾರಿಯಲ್ಲೆಲ್ಲೋ ಉದುರಿ, ರಾಜದ್ರೋಹವಷ್ಟೇ ಸಾಹೇಬರನ್ನು ಮುಟ್ಟಿತ್ತು.

“ಮಾವ ಅಂದರ ಮಾವ ರೀ,” ಎಂದರು ಮಾಸ್ತರರು.

“ಬರೇ ಮಾವ ಆಗಿದ್ದರ ಊರಿಗೆ ಊರ ಯಾಕ ನಗಾಕತ್ತೇತಿ?”

“ಅಂಥಾವರು ಎಲ್ಲಾರ ಮನ್ಯಾಗೂ ಇರ್ತಾರಲ್ರಿ.”

ಬಾಗಿಲಲ್ಲಿದ್ದ ಪೊಲೀಸ ಹಜರತಅಲಿ ಕಿಸಕ್ಕನೆ ನಕ್ಕ.

“ನೋಡ್ರಿ, ಸಾಕ್ಷಿ!” ಎಂದ ಫೌಜದಾರ.

ಪುರಾವೆ ಹುಡುಕಲು ಅವನು ತಾನೇ ಗಟ್ಟಿಯಾಗಿ ಓದತೊಡಗಿದ. ಮೊದಲ ಪುಟವನ್ನು ಸರಕಾರಿ ಗಾಂಭೀರ್ಯದಿಂದ ದಾಟಿದ. ಸಕ್ಕರೆ ಅಳೆಯುವಲ್ಲಿ ಮೀಸೆ ನಡುಗಿತು. ಮಾವ ತನ್ನ ಕಿತ್ತ ಹಲ್ಲನ್ನೇ ಸಕ್ಕರೆ ಡಬ್ಬಿಯಲ್ಲಿ ಕಾವಲಿಗೆ ಇಡುವಲ್ಲಿಗೆ ಬಂದಾಗ, ಕುಡಿಯುತ್ತಿದ್ದ ಚಹಾ ಮೂಗಿನಿಂದ ಹೊರಬಂತು. ಕಣ್ಣೊರೆಸಿಕೊಂಡ ಮೇಲೆ ಅವನಿಗೆ ನಿಜಕ್ಕೂ ಸಿಟ್ಟು ಬಂತು.

“ಇಷ್ಟು ನಗು ಬರಬೇಕಂದರ ಇದರಾಗ ಏನೋ ಐತಿ. ಈ ಮಾವ ನಿಮ್ಮ ಸ್ವಂತ ಮಾವನ ಆಗಿದ್ದರ ಅವರನ್ನ ಕರಕೊಂಡು ಬರ್ರಿ. ‘ಈ ಕಥಿಯಾಗಿನ ಮಾವ ನಾನ’ ಅಂತ ಸಹಿ ಮಾಡ್ಲಿ, ನೀವು ಮನಿಗೆ ಹೋಗ್ರಿ. ಇಲ್ಲಾಂದರ ಆರು ತಿಂಗಳು ಜೈಲು.”

 ಮಾಸ್ತರರ ಹೆಂಡತಿಯ ತಂದೆ, ಗರಗದ ಫಕೀರಪ್ಪ, ಹಲ್ಲಿನ ನೆಪದಲ್ಲಿ ಬಂದು ಎರಡು ವರ್ಷವಾಗಿತ್ತು. ಕಥೆಯಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಪತ್ರಿಕೆ ಬಂದ ದಿನ ಎಲ್ಲರಿಗಿಂತ ಹೆಚ್ಚು ನಕ್ಕವರು ಫಕೀರಪ್ಪನವರೇ. ಓಣಿಯವರನ್ನು ಕರೆದು ಕಟ್ಟೆಯ ಮೇಲೆ ಕೂಡಿಸಿ ಎರಡು ಸಲ ಓದಿ ಹೇಳಿದ್ದರು. ‘ಯಾವನಪಾ ಈ ನಾಚಿಗ್ಗೇಡಿ!’ ಎಂದು ತೊಡೆ ತಟ್ಟಿಕೊಂಡಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮುದುಕ ಹಾಗೆ ಬಾಯ್ತುಂಬ ನಕ್ಕಿದ್ದು ಅದೇ ಮೊದಲು. ಅಂಥ ಓದುಗನ ಕೈಗೆ ಲೇಖನಿ ಕೊಟ್ಟು, ‘ಇದು ನೀವೇ, ಸಹಿ ಮಾಡಿರಿ’ ಎನ್ನುವ ಧೈರ್ಯ ಯಾವ ಲೇಖಕನಿಗಿದೆ?

“ಬರಕೋರಿ ಸಾಹೇಬ್ರ,” ಎಂದರು ಮಾಸ್ತರರು. “ಮಾವ ಅಂದರ ಸರಕಾರ.”

ಮರುದಿನ ಬೆಳಿಗ್ಗೆ ಮಾಸ್ತರರ ಹೇಳಿಕೆಯ ಸುದ್ದಿ ಹಬ್ಬಿ ಚೌಕಿಯ ಮುಂದೆ ಓಣಿಗೆ ಓಣಿಯೇ ನೆರೆಯಿತು. ಮಾಸ್ತರರನ್ನು ಜೈಲಿನ ಗಾಡಿಗೆ ಹತ್ತಿಸುವಾಗ ಫಕೀರಪ್ಪ ಜನರನ್ನು ಸರಿಸಿ ಮುಂದೆ ಬಂದು, ಅಳಿಯನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಹೆಮ್ಮೆಯಿಂದ ಅವರ ಕಣ್ಣು ತುಂಬಿತ್ತು.

“ಅದು ಸರಕಾರಂತ ನನಗ ಓದಿದಾಗನ ಗೊತ್ತಾಗಿತ್ತು ಅಳಿಯಾರ. ಮನಶಾ ಅಂಬಾವ ಅಷ್ಟು ನಾಚಿಗ್ಗೇಡಿ ಇರ್ತಾನೇನ್ರಿ?” ಎಂದರು. “ಮನಿ ಚಿಂತಿ ಬಿಡ್ರಿ. ನೀವು ಹೊಳ್ಳಿ ಬರೂತನಕಾ ನಾ ಎಲ್ಲಿಗೂ ಹೋಗಂಗಿಲ್ಲ.”