ಅಪ್ಪನಿಗೆ ಹೇಳಲಾಗದ ಮಾತು

ಗದಗಿನ ಒಂದು ಹೈಸ್ಕೂಲಿನಲ್ಲಿ ಗುರುಬಸಪ್ಪನವರು ಪಿ.ಟಿ. ಮೇಷ್ಟ್ರು. ಅವರು ಸೀಟಿ ಊದಿದರೆ ಮೈದಾನದ ಆ ತುದಿಯ ಹುಡುಗರೂ ಓಡಿಬಂದು ಸಾಲಾಗಿ ನಿಲ್ಲುತ್ತಿದ್ದರು.

ಅವರಿಗೆ ಒಬ್ಬನೇ ಮಗ, ಓಂಕಾರ. ಅದೇ ಊರಿನ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದ. ಕಬಡ್ಡಿ ತಂಡದ ರೇಡರ್...

ಸಿಗರೇಟು ಮುಟ್ಟಿದವನಲ್ಲ. ಗುಟ್ಕಾ ಕಂಡರೆ ಆಗುತ್ತಿರಲಿಲ್ಲ. ಬೆಳಗಾದರೆ ಅಪ್ಪನ ಜೊತೆ ಓಟ, ಬಂದು ಮೊಳಕೆಕಾಳು, ಹಾಲು.

"ನನ್ನ ಮಗಗ ಏನೂ ಆಗೂದಿಲ್ಲ ಬಿಡ್ರಿ. ಕಲ್ಲು ತಿಂದ್ರೂ ಅರಗಿಸ್ಕೊಳ್ತಾನ" ಎಂದು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು.

ಒಂದು ದಿನ ಸ್ನಾನ ಮಾಡುವಾಗ ಓಂಕಾರನ ಕೈಗೆ ವೃಷಣದಲ್ಲಿ ಬಟಾಣಿಯಂಥ ಒಂದು ಗಟ್ಟಿ ಗಂಟು ಸಿಕ್ಕಿತು. ನೋವಿರಲಿಲ್ಲ... ಆಟದಲ್ಲಿ ಪೆಟ್ಟು ಬಿದ್ದಿರಬೇಕು ಅಂದುಕೊಂಡ.

ಗಂಟು ಕರಗಲಿಲ್ಲ. ಆತ್ಮೀಯ ಗೆಳೆಯನ ಹತ್ತಿರ ಅರ್ಧ ಮಾತು ಆಡಿದ. ಅವನು ಏನೋ ಜೋಕ್ ಮಾಡಿದ, ಪಕ್ಕದಲ್ಲಿದ್ದವರೆಲ್ಲ ನಕ್ಕರು.

ಓಂಕಾರನೂ ನಕ್ಕ... ಆಮೇಲೆ ಯಾರಿಗೂ ಹೇಳಲಿಲ್ಲ.

ಒಂದು ಸಂಜೆ ಮಾತ್ರ ಅಪ್ಪನ ಕುರ್ಚಿಯ ಹತ್ತಿರ ಬಂದು ನಿಂತ.

"ಅಪ್ಪಾ..."

"ಏನೋ?"

"ಏನಿಲ್ಲಪಾ... ಶೂ ಹರದಾವು."

ಮರುದಿನವೇ ಹೊಸ ಶೂ ಮನೆಗೆ ಬಂತು.

ತಿಂಗಳುಗಳು ಉರುಳಿದವು. ಸೊಂಟ ನೋವು ಶುರುವಾಯಿತು, ಕೆಮ್ಮು ನಿಲ್ಲಲಿಲ್ಲ. ಅಂಗಿಗಳೆಲ್ಲ ದೊಗಳೆಯಾದವು. ಕೊನೆಗೆ ಒಂದು ಪಂದ್ಯದಲ್ಲಿ ರೇಡ್‌ಗೆ ಹೋದವನು ನಡುವೆಯೇ ಕುಸಿದುಬಿದ್ದ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಆದ ಮೇಲೆ ಡಾಕ್ಟರ್ ಮೇಷ್ಟ್ರನ್ನು ಒಳಗೆ ಕರೆದು ಕೂರಿಸಿದರು.

"ಸರ್, ಇದು ವೃಷಣದ ಕ್ಯಾನ್ಸರ್. ಹರೆಯದ ಹುಡುಗರಿಗೇ ಬರೋದು ಜಾಸ್ತಿ. ಶುರುವಿನಲ್ಲೇ ಬಂದಿದ್ರೆ ಬಹುತೇಕ ಎಲ್ಲರೂ ಗುಣ ಆಗ್ತಾರೆ... ಇವನಿಗೆ ಶ್ವಾಸಕೋಶ, ಮೆದುಳು ಎರಡಕ್ಕೂ ಹಬ್ಬಿದೆ. ಹಬ್ಬಿದ ಮೇಲೂ ಉಳಿದವರಿದ್ದಾರೆ. ಪ್ರಯತ್ನ ಮಾಡೋಣ."

ಚಿಕಿತ್ಸೆ ನಡೆಯಿತು. ಕೂದಲು ಉದುರಿತು. ಅಪ್ಪನನ್ನು ಓಟದಲ್ಲಿ ಹಿಂದೆ ಹಾಕುತ್ತಿದ್ದ ಹುಡುಗ ಈಗ ಬಚ್ಚಲಿಗೆ ಹೋಗಲು ಅಪ್ಪನ ಹೆಗಲು ಹಿಡಿಯುತ್ತಿದ್ದ...

ಒಂದು ಮಧ್ಯಾಹ್ನ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ನನಗ್ಯಾಕ ಹೇಳಲಿಲ್ಲೋ, ಓಂಕಾರಾ?"

ಹುಡುಗ ಫ್ಯಾನಿನ ಕಡೆ ನೋಡುತ್ತಲೇ ಹೇಳಿದ.

"ಹೆಂಗ ಹೇಳ್ಲಿ ಅಪ್ಪಾ... ಗೆಳೆಯಾನ ಮುಂದ ಅರ್ಧ ಹೇಳಿದ್ದಕ್ಕ ಎಲ್ಲಾರೂ ನಕ್ರು, ನಾನೂ ನಕ್ಕು ಸುಮ್ಮನಾದೆ. ಇದನ್ನ ಹೇಳಾಕಂತನ ಅವತ್ತು ನಿನ್ನ ಹತ್ರ ಬಂದಿದ್ದೆ. ಶೂ ಅಂತ ಬಾಯಾಗ ಬಂತು. ಇದು ಬರ್ಲೇ ಇಲ್ಲ."

ಬೇಸಿಗೆ ಮುಗಿಯುವ ಮೊದಲೇ ಓಂಕಾರ ಹೋಗಿಬಿಟ್ಟ.

ಮುಂದಿನ ವರ್ಷ ಕಾಲೇಜಿನ ಕ್ರೀಡಾಕೂಟದಲ್ಲಿ ಅವನ ಹೆಸರಿನ ಟ್ರೋಫಿ ಇಟ್ಟರು. ಅದನ್ನು ಕೊಡಲು ಮೇಷ್ಟ್ರನ್ನೇ ಕರೆದರು. ಟ್ರೋಫಿ ಕೊಟ್ಟು ಕೆಳಗಿಳಿಯಬೇಕಾದವರು ಮೈಕ್ ಕೇಳಿ ತೆಗೆದುಕೊಂಡರು.

"ನನ್ನ ಮಗಗ ಬೀಜದಾಗ ಗಂಟಾಗಿತ್ತು..."

ಹಿಂದಿನ ಸಾಲುಗಳಲ್ಲಿ ಕಿಸಕ್ಕೆಂದು ನಗು ಎದ್ದಿತು. ಪ್ರಿನ್ಸಿಪಾಲರು ತಲೆ ತಗ್ಗಿಸಿದರು. ಮೇಷ್ಟ್ರು ಬೈಯಲಿಲ್ಲ, ನಗು ನಿಲ್ಲುವವರೆಗೆ ಕಾದರು.

"ನಗ್ರಿ... ಅವನೂ ಹಿಂಗ ನಿಮ್ಮ ಜೋಡಿ ನಕ್ಕು ಸುಮ್ಮನಾದ. ಇಷ್ಟು ವರ್ಷ ಹುಡುಗೂರಿಗೆ ಮೈ ಗಟ್ಟಿ ಮಾಡಾಕ ಕಲಿಸೇನಿ. ಇದೊಂದು ಮಾತು ಯಾರಿಗೂ ಹೇಳಿರಲಿಲ್ಲ. ತಿಂಗಳಿಗೊಮ್ಮೆ ಜಳಕಾ ಮಾಡುವಾಗ ಕೈಯಾಡಿಸಿ ನೋಡ್ಕೊಳ್ರಪಾ. ಗಂಟಿರಲಿ, ಬಾವಿರಲಿ, ಭಾರ ಅನಸ್ಲಿ... ನೋವಿಲ್ಲಂತ ಬಿಡಬ್ಯಾಡ್ರಿ. ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲ. ಆದರ ಅದನ್ನ ಡಾಕ್ಟರ್ ಹೇಳ್ಬೇಕು, ನೀವಲ್ಲ."

ಮೇಷ್ಟ್ರು ಮೈಕ್ ಕೊಟ್ಟು ಕೆಳಗಿಳಿದರು.

ಕಾರ್ಯಕ್ರಮ ಮುಗಿದು ಗೇಟಿನ ಹತ್ತಿರ ಸ್ಕೂಟರ್ ತೆಗೆಯುವಾಗ ಒಬ್ಬ ಹುಡುಗ ಬಂದು ನಿಂತ. ಮುಂಡರಗಿ ಕಡೆಯವನು, ಭೀಮೇಶ. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ.

"ಸರ್... ನನಗೂ ಹಂಗ ಒಂದು ಐತ್ರಿ." ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮುಂದುವರಿಸಿದ. "ನೀವ ಕರ್ಕೊಂಡು ಹೋಗ್ರಿ ಸರ್. ಮನ್ಯಾಗ ಹೇಳಾಕ ನನ್ನ ಕಡಿಂದ ಆಗೂದಿಲ್ಲ."

"ಕರ್ಕೊಂಡು ಹೋಗ್ತೀನಿ. ಆದರ ಮೊದಲ ನಿಮ್ಮಪ್ಪಗ ಫೋನ್ ಹಚ್ಚು. ನಾ ಇಲ್ಲೇ ನಿಂತಿರ್ತೀನಿ."

ಹುಡುಗ ಫೋನ್ ಹಚ್ಚಿದ. "ಅಪ್ಪಾ..." ಅಂದ. ತಡವರಿಸುತ್ತ, ಅಳುತ್ತ ಎಲ್ಲವನ್ನೂ ಹೇಳಿದ.

ಆ ಕಡೆಯಿಂದ ಮೇಷ್ಟ್ರಿಗೂ ಕೇಳಿಸುವಷ್ಟು ಗಟ್ಟಿ ದನಿ ಬಂತು...

"ಅಳಬ್ಯಾಡ ಮಗನ. ಇದರಾಗ ನಾಚೂದೇನೈತಿ? ನಾ ಈಗ ಬಸ್ ಹತ್ತಾಕತ್ತೇನಿ."

ಮೇಷ್ಟ್ರು ಆ ಕಡೆ ಮುಖ ತಿರುಗಿಸಿ ಗೇಟಿನ ಕಂಬ ಹಿಡಿದುಕೊಂಡರು. ಮಗನನ್ನು ಮಣ್ಣು ಮಾಡಿದ ದಿನವೂ ಅಳದ ಮನುಷ್ಯ ರಸ್ತೆಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತರು.

ತಾನೂ ಇಷ್ಟೇ ಹೇಳುತ್ತಿದ್ದೆನಲ್ಲ... ಅವತ್ತು ಇನ್ನೊಮ್ಮೆ ಕೇಳಿದ್ದರೆ ತಾನೂ ಇದನ್ನೇ ಹೇಳುತ್ತಿದ್ದೆನಲ್ಲ...

ಭೀಮೇಶನದೂ ಕ್ಯಾನ್ಸರೇ ಆಗಿತ್ತು. ಆದರೆ ಇನ್ನೂ ಹಬ್ಬಿರಲಿಲ್ಲ. ಆಪರೇಷನ್ ಆಯಿತು. ಆಗಾಗ ತಪಾಸಣೆಗೆ ಬಂದರೆ ಸಾಕು, ಭಯವಿಲ್ಲ ಅಂದರು ಡಾಕ್ಟರ್.

ಅವತ್ತು ಮೇಷ್ಟ್ರು ಮನೆಗೆ ಬಂದಾಗ ಹೆಂಡತಿ ನೀಲಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು.

"ಹುಡುಗ ಉಳದ" ಅಂದರು ಮೇಷ್ಟ್ರು.

ನೀಲಮ್ಮನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಅಂದರು...

"ಅವನವ್ವ ಇವತ್ತರ ಹೊಟ್ಟಿತುಂಬ ಉಣ್ತಾಳ ಬಿಡ್ರಿ."

ದೇಹದ ಯಾವ ಭಾಗಕ್ಕೆ ಕಾಯಿಲೆ ಬಂದರೂ ಅದು ನಾಚಿಕೆಯ ವಿಷಯವಲ್ಲ... ಅದನ್ನು ಬೇಗ ಬಾಯಿಬಿಟ್ಟು ಹೇಳುವುದೇ ನಿಜವಾದ ಗಂಡಸುತನ.

ನಿಮ್ಮ ಮನೆಯ ಹುಡುಗ "ಏನಿಲ್ಲ" ಅಂದಾಗ ಇನ್ನೊಂದು ಸಲ ಕೇಳಿದ್ದೀರಾ?